ಭಕ್ತಿ ವಿಭಾಗದ ಏಳನೆಯ ಪದ

ಪುತಳಾಬಾಯಿಗೆ ಬೀಸುವ ಕಲ್ಲು ಇರಲಿಲ್ಲ.

ಕಮಲಾಪುರದಲ್ಲಿ ಇತ್ತು. ಗಂಡ ದೇವಿಂದ್ರಪ್ಪ ಪ್ಲೇಗಿನಲ್ಲಿ ಹೋದ ಮೇಲೆ ಮೈದುನರು ಗುಡಿಸಲಿನ ಜತೆ ಕಲ್ಲನ್ನೂ ಇಟ್ಟುಕೊಂಡರು. ಆಕೆ ಒಂದು ಸೀರೆ, ಒಂದು ತಂಬಿಗೆ ಹಿಡಿದು ಕಲಬುರ್ಗಿಗೆ ಬಂದಳು. ಊರ ಹೊರಗಿನ ಹೊಲೇರ ಕೇರಿಯಲ್ಲಿ ಗುಡಿಸಲು ಹಾಕಿಕೊಂಡಳು. ಪಕ್ಕದ ಗುಡಿಸಲಿನ ಹೆಂಗಸು ಜೋಳ ಬೀಸಿಕೊಡುತ್ತಿದ್ದಳು, ಸೇರಿಗೆ ಒಂದು ಹಿಡಿ ಹಿಟ್ಟು ಮುರಿದುಕೊಂಡು.

ಕಲ್ಲಿಲ್ಲದ್ದಕ್ಕೆ ಪದವೂ ಇರಲಿಲ್ಲ. ಕಮಲಾಪುರದ ಹೊಲೇರ ಕೇರಿಯ ಹೆಂಗಸರು ಬೀಸುವ ಪದವನ್ನು ಕಂಡಕಂಡಲ್ಲಿ ಹಾಡುವುದಿಲ್ಲ. ಕಲ್ಲಿನ ಬಾಯಿಗೆ ಕಾಳು ಬೀಳುತ್ತಿರಬೇಕು. ಖಾಲಿ ಕಲ್ಲು ತಿರುಗಿಸಿದರೆ ಮನೆಯಲ್ಲಿ ಹೆಣ ಬೀಳುತ್ತದೆ ಅನ್ನುತ್ತಾರೆ. ಇನ್ನೊಂದು ಕಟ್ಟಳೆಯೂ ಇತ್ತು. ಪದ ಕಟ್ಟಿದಾಕೆ ಸತ್ತಿದ್ದರೆ ಮೊದಲು ಆಕೆಯ ಹೆಸರು ಹೇಳಬೇಕು, ಆಮೇಲೆ ಪದ ಎತ್ತಬೇಕು. ಹೆಸರು ಹೇಳದೆ ಹಾಡಿದರೆ ಅದು ಕಳವು.

ಪುತಳಾಬಾಯಿಯ ತಲೆಯಲ್ಲಿದ್ದ ಪದಗಳಲ್ಲಿ ಮುಕ್ಕಾಲು ಪಾಲು ತೀರಿಕೊಂಡ ತಾಯಿ ಭೀಮಬಾಯಿ ಕಟ್ಟಿದವು. ಕಲಬುರ್ಗಿಗೆ ಬಂದ ಎರಡನೆಯ ವರ್ಷ ಒಂದು ಪದದ ನಡುವಿನ ಸಾಲು ಎಷ್ಟು ತಿಣುಕಿದರೂ ಬರಲಿಲ್ಲ. ಮರುವಾರ ಇನ್ನೊಂದು ಹೋಯಿತು. ಆಕೆಗೆ ಹೆದರಿಕೆ ಹತ್ತಿತು.

ಆಕೆಗೆ ಕೆಲಸ ಸಿಕ್ಕಿದ್ದು ಗಾಜಿಪುರದ ಸಂದಿಯೊಂದರ ಕಲ್ಲಚ್ಚಿನ ಛಾಪಖಾನೆಯಲ್ಲಿ. ಅಲ್ಲಿ ಹಳದಿ ಕಾಗದದ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯುತ್ತಾರೆ. ಆ ಕಾಗದವನ್ನು ನುಣುಪು ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಬರಹ ಕಲ್ಲಿಗೆ ಇಳಿಯುತ್ತದೆ. ಕಲ್ಲಿನಿಂದ ಐನೂರು ಹಾಳೆ ತೆಗೆದ ಮೇಲೆ ಆ ಬರಹ ಅಳಿಸಬೇಕು, ಮುಂದಿನದಕ್ಕೆ ಅದೇ ಕಲ್ಲು ಬೇಕು. ಅಳಿಸುವುದು ಪುತಳಾಬಾಯಿಯ ಕೆಲಸ. ನೆಲದ ಮೇಲೆ ಒಂದು ಕಲ್ಲು. ಅದರ ಮೇಲೆ ಮರಳು, ನೀರು. ಅದರ ಮೇಲೆ ಇನ್ನೊಂದು ಕಲ್ಲು. ಮೇಲಿನದನ್ನು ಎರಡೂ ಕೈಯಿಂದ ಗುಂಡಗೆ ತಿರುಗಿಸಬೇಕು. ಮುಂಜಾನೆಯಿಂದ ಸಂಜೆಯವರೆಗೆ ನಾಲ್ಕು ಕಲ್ಲು. ಬೆರಳ ತುದಿಯ ಚರ್ಮ ನಿಲ್ಲುತ್ತಿರಲಿಲ್ಲ. ರೊಟ್ಟಿಗೆ ಖಾರ ಹಚ್ಚಿಕೊಂಡರೆ ಬಾಯಿಗಿಂತ ಮೊದಲು ಕೈ ಉರಿಯುತ್ತಿತ್ತು.

ನಿಜಾಮನ ಆಳಿಕೆ. ಕಚೇರಿ ಉರ್ದು, ಶಾಲೆ ಉರ್ದು, ಕೋರ್ಟಿನ ನೋಟೀಸು ಉರ್ದು. ಛಾಪಖಾನೆಗೆ ಬರುತ್ತಿದ್ದದ್ದೂ ಉರ್ದುವೇ. ಅಂಥದರಲ್ಲಿ ಒಂದು ದಿನ ಗುರುಲಿಂಗಪ್ಪ ಮಾಸ್ತರ ಕನ್ನಡ ಪುಸ್ತಕದ ಮಾತು ಹಿಡಿದು ಬಂದ. ಗಾಜಿಪುರದ ಅಡತಿ ಅಂಗಡಿಯವರ ಮಗ. ಶರಣಬಸವೇಶ್ವರ ಗುಡಿಯ ಹಿಂದೆ ಮನೆಯಲ್ಲೇ ಹತ್ತಿಪ್ಪತ್ತು ಹುಡುಗರಿಗೆ ಕನ್ನಡ ಕಲಿಸುತ್ತಿದ್ದ. ಈ ಸೀಮೆಯ ಹೆಂಗಸರ ಪದಗಳನ್ನೆಲ್ಲ ಕೂಡಿಸಿ ಒಂದು ಸಂಗ್ರಹ ತರುವ ಹುಚ್ಚು ಅವನಿಗೆ. ಹುಚ್ಚು ನಿಜವಾದದ್ದೇ. ಬಿಸಿಲಲ್ಲಿ ಊರೂರು ತಿರುಗಿದ್ದ. ಕಾಲು ಒಡೆದಿದ್ದವು.

ಅಂಗಳದಲ್ಲಿ ಕಲ್ಲು ಉಜ್ಜುತ್ತಿದ್ದ ಪುತಳಾಬಾಯಿಯನ್ನು ದಾಟುವಾಗ ಅವನ ಕಿವಿ ನೆಟ್ಟಗಾಯಿತು.

"ಏನು ಗುನುಗುಡ್ಲಾಕತ್ತಿ?"

"ಏನಿಲ್ರಿ ಮಾಸ್ತರ್ರ. ಬೀಸೋ ಧಾಟಿ."

"ಮಾತು ಹೇಳು, ಬರಕೋತೀನಿ."

"ಮಾತು ಹಂಗ ಬರಂಗಿಲ್ರಿ. ಕಲ್ಲಿಗಿ ಕಾಳು ಬೀಳಬೇಕ್ರಿ."

ಯಂತ್ರ ನಡೆಸುವ ನಬಿಸಾಬ್ ಒಳಗಿನಿಂದ ನಕ್ಕ. "ಮಾಸ್ತರ್, ಈಕಿ ಪದ ನಿಮ್ಮ ಎತ್ತಿನ ಜಾತಿದು. ಮುಂದ ಮೇವು ಹಾಕ್ರಿ, ಆಗ ಏಳ್ತದ."

ಮರುದಿನದಿಂದ ಪುತಳಾಬಾಯಿ ಛಾಪಖಾನೆ ಮುಗಿಸಿಕೊಂಡು ಗುರುಲಿಂಗಪ್ಪನ ಮನೆಗೆ ಹೋಗತೊಡಗಿದಳು. ಹಿತ್ತಲ ಬಾಗಿಲಿನಿಂದ. ಅವನು ಪಡಸಾಲೆಯಿಂದ ಜೋಳದ ಬುಟ್ಟಿ ತರಹೊರಟಾಗ ತಾಯಿ ಶಾರದಾಬಾಯಿ ಅಡ್ಡ ಬಂದಳು.

"ಜ್ವಾಳಾ ಯಾಕ? ಆಕಿ ಬೀಸಿದ ಹಿಟ್ಟು ನೀ ಉಣ್ತೇನು?"

"ಮತ್ತೇನು ಮಾಡಲೆವ್ವ, ಖಾಲಿ ಕಲ್ಲು ತಿರುವಂಗಿಲ್ಲಂತ."

"ದನದ ಕೊಟ್ಟಿಗ್ಯಾಗ ಒಡಕಲ್ಲು ಅದ. ಹುರುಳಿ ಕೊಡು. ಎತ್ತಿಗಿ ಆಗ್ತದ."

ಹಾಗೆ ಆಯಿತು. ಪುತಳಾಬಾಯಿ ಸಗಣಿಯ ನೆಲದಲ್ಲಿ ಎತ್ತಿನ ಬಾಲದ ಹಿಂದೆ ಕೂತು ಹುರುಳಿ ಬೀಸಿದಳು. ಗುರುಲಿಂಗಪ್ಪ ಹೊಸ್ತಿಲಾಚೆ ಮಣೆ ಹಾಕಿಕೊಂಡು ಬರೆದುಕೊಂಡ. ಛಾಪಖಾನೆಯಲ್ಲಿ ಅಕ್ಷರ ಕೂಡುವ ಕಲ್ಲನ್ನು ಆಕೆ ಮುಟ್ಟಬಹುದಿತ್ತು. ಈ ಮನೆಯ ರೊಟ್ಟಿಯ ಹಿಟ್ಟು ಬೀಸುವ ಕಲ್ಲನ್ನು ಮುಟ್ಟುವಂತಿರಲಿಲ್ಲ. ಇದು ಆಕೆಗೆ ಹೊಸದಲ್ಲ. ಹೊಸದಾದದ್ದು ಕೈಯಲ್ಲಿ ಬೀಸುವ ಕಲ್ಲಿನ ಗೂಟ ಇದ್ದದ್ದು. ಗೂಟ ಹಿಡಿದು ಒಂದು ಸುತ್ತು ತಿರುಗಿಸಿದ್ದೇ ಮರೆತ ಸಾಲು ತಾನಾಗಿ ಬಂತು. ಕಣ್ಣಲ್ಲಿ ನೀರೂ ಬಂತು. ಹುರುಳಿಯ ಧೂಳು ಅಂದಳು.

ಇಪ್ಪತ್ತೆರಡು ದಿನ ಬೀಸಿದಳು. ನಲವತ್ತೊಂದು ಪದ, ಎಲ್ಲ ತಾಯಿಯವೇ. ಪ್ರತಿ ಪದಕ್ಕೂ ಮೊದಲು "ನಮ್ಮವ್ವ ಭೀಮಬಾಯಿದು" ಅಂದಳು. ಕೂಲಿ ಕೇಳಲಿಲ್ಲ. ಕೇಳಿದ್ದು ಒಂದೇ.

"ನಮ್ಮವ್ವನ ಹೆಸರು ಪುಸ್ತಕದಾಗ ಬರ್ತದೇನ್ರಿ?"

"ಬರ್ತದ. ಯಾಕ ಬರಂಗಿಲ್ಲ?"

ಆತ ಹುರುಪಿನಲ್ಲಿದ್ದಾಗ ಪುಸ್ತಕ ಹೇಗಿರುತ್ತದೆಂದು ವಿವರಿಸುತ್ತಿದ್ದ. ಇನ್ನೂರ ಹನ್ನೆರಡು ಪದ. ನಾನಾ ವಿಷಯ. ಮೊದಲು ಭಕ್ತಿ. ಆಮೇಲೆ ತವರು. ತೊಟ್ಟಿಲು. ಮಳೆ-ಬೆಳೆ. ಕಡೆಗೆ ಗಂಡ-ಹೆಂಡಿರ ಚ್ಯಾಷ್ಟಿ. ಒಂದೊಂದಕ್ಕೆ ಒಂದೊಂದು ವಿಭಾಗ.

"ಬಿಟ್ಟೀದು ಯಾವುದರಾಗ ಬರ್ತದ್ರಿ?" ಅಂದಳು.

ಗುರುಲಿಂಗಪ್ಪ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ. "ನೋಡೋಣಲ್ಲ."

ಬಿಟ್ಟಿಯದು ಒಂದೇ ಪದ ಇತ್ತು. ಎರಡು ನುಡಿ. ಪುತಳಾಬಾಯಿಗೆ ಎಂಟು ವರ್ಷವಿದ್ದಾಗಿನದು. ದೌರೆಯ ಮೇಲೆ, ಊರೂರು ತಪಾಸಣೆಗೆ ಬಂದ ದೊಡ್ಡ ಸಾಹೇಬನೊಬ್ಬ ಕಮಲಾಪುರದಲ್ಲಿ ಡೇರೆ ಹಾಕಿದ್ದ. ಎದ್ದು ಹೊರಟಾಗ ಸಾಮಾನು ಹೊರಲು ಹೊಲೇರ ಕೇರಿಯಿಂದ ಹನ್ನೊಂದು ಜನರನ್ನು ಎಬ್ಬಿಸಿಕೊಂಡು ಹೋದರು. ಕೂಲಿ ಇಲ್ಲ, ಒಲ್ಲೆ ಅನ್ನುವಂತಿಲ್ಲ. ಭೀಮಬಾಯಿ ಏಳು ತಿಂಗಳ ಬಸುರಿ. ತಲೆಯ ಮೇಲೆ ಕಬ್ಬಿಣದ ಪೆಟ್ಟಿಗೆ. ಪುತಳಾಬಾಯಿಯ ಕೈಯಲ್ಲಿ ಸಾಹೇಬನ ಕೋಳಿಗಳ ಬುಟ್ಟಿ. ದಾರಿಯಲ್ಲಿ ಕೂಸು ಇಳಿಯಿತು.

ಸಾಹೇಬನ ಪೆಟ್ಟಿಗಿ ತಲಿಮ್ಯಾಲ ಹೊತ್ತೇನ
ಮೂರು ಹರದಾರಿ ಇಳಿಸಿಲ್ಲ | ಹೊಟ್ಟ್ಯಾನ
ಕೂಸು ದಾರ್ಯಾಗ ಇಳಿದೀತ

ಹಳ್ಳದ ದಂಡ್ಯಾಗ ಈಚಲ ಬುಡದಾಗ
ಕಲ್ಲಿಟ್ಟು ಬಂದೇನ ನನಕೂಸ | ಸಾಹೇಬ
ಚಾ ಕುಡಿಯೊ ಹೊತ್ತು ಮೀರ್ಯಾದ

ಇದನ್ನು ಹೇಳಿದ ದಿನ ಗುರುಲಿಂಗಪ್ಪ ಬರೆಯುವುದು ನಿಲ್ಲಿಸಿ ಸುಮ್ಮನೆ ಕೂತಿದ್ದ. ಆಮೇಲೆ ಬರೆದುಕೊಂಡ. ಪುತಳಾಬಾಯಿ ಅದನ್ನು ನೋಡಿದ್ದಳು. ಅದಕ್ಕೇ ನಂಬಿದಳು.

ಪುಸ್ತಕದ ಬರವಣಿಗೆ ಛಾಪಖಾನೆಯಲ್ಲಿ ಸುರುವಾಯಿತು. ಬರೆಯುವವನು ತುಕಾರಾಮ. ಕನ್ನಡವನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಒಂದು ಚಟ ಇತ್ತು ಅವನಿಗೆ. ಬರೆಯುವ ಪ್ರತಿ ಮಾತನ್ನೂ ಗಟ್ಟಿಯಾಗಿ ಅನ್ನುತ್ತಿದ್ದ, ಇಲ್ಲದಿದ್ದರೆ ಕೈ ಓಡುತ್ತಿರಲಿಲ್ಲ. ಕಿಟಕಿಯ ಒಳಗೆ ಅವನು, ಹೊರಗೆ ಅಂಗಳದಲ್ಲಿ ಕಲ್ಲು ಉಜ್ಜುವ ಪುತಳಾಬಾಯಿ.

ಮೊದಲ ಪದ ಕೇಳಿದಾಗ ಆಕೆಯ ಕೈ ನಿಂತಿತು. ತಾಯಿಯ ಮಾತು ಗಂಡಸಿನ ಬಾಯಲ್ಲಿ. ನಗೆ ಬಂತು.

"ತುಕಾರಾಮಣ್ಣ, ಮ್ಯಾಲೆ ಹೆಸರು ಏನು ಹಾಕೀದಿ, ಓದು."

ತುಕಾರಾಮ ಓದಿದ. "ಹಾಡಿದವರು, ಮಾತೋಶ್ರೀ ಶಾರದಾಬಾಯಿಯವರು, ಗಾಜಿಪುರ."

"ಅದಲ್ಲ, ಈ ಪದದ್ದು."

"ಈ ಪದದ್ದೇ. ಭಕ್ತಿದಾಗಿನ ಹನ್ನೆರಡೂ ಅವರ ಹೆಸರಿಲೇ ಅವ."

ಶಾರದಾಬಾಯಿ ಕೊಟ್ಟಿಗೆಗೆ ಬರುತ್ತಿದ್ದದ್ದು ಹುರುಳಿ ಅಳೆಯಲು ಮಾತ್ರ. ಪುತಳಾಬಾಯಿ ಕಲ್ಲು ಬಿಟ್ಟು ಎದ್ದಳು. ಕಿಟಕಿಯ ಸರಳು ಹಿಡಿದಳು. "ಮುಂದ ಓದು."

ಅವನು ಓದುತ್ತ ಹೋದ. ಏಳನೆಯದಕ್ಕೆ ಬಂದ.

ಶರಣರ ಬುತ್ತಿಯ ತಲಿಮ್ಯಾಲ ಹೊತ್ತೇನ
ಮೂರು ಹರದಾರಿ ಇಳಿಸಿಲ್ಲ | ಹೊಟ್ಟ್ಯಾನ
ಕೂಸು ನಿನ ಹೆಸರ ನೆನದೀತ

"ಎರಡನೇ ನುಡಿ?"

"ಇಷ್ಟೇ ಅದ."

"ಹಳ್ಳದ ದಂಡಿ? ಈಚಲ ಗಿಡ?"

"ಇಲ್ಲವ್ವ. ಯಾಕ?"

ಆಕೆ ಸರಳು ಬಿಟ್ಟಳು. ಹೋಗಿ ಕಲ್ಲಿನ ಮುಂದೆ ಕೂತಳು. ಆ ದಿನ ನಾಲ್ಕು ಕಲ್ಲಿನ ಬದಲು ಒಂದು ಕಲ್ಲೂ ಆಗಲಿಲ್ಲ. ನಬಿಸಾಬ್ ಬಂದು ನೋಡಿ, ಬೈಯದೆ ಹೋದ.

ಮರುದಿನ ಗುರುಲಿಂಗಪ್ಪ ಬಂದಾಗ ಆಕೆ ಅಂಗಳದ ಬಾಗಿಲಲ್ಲೇ ನಿಂತಿದ್ದಳು. ದಾರಿ ಕಟ್ಟಿದಂತೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಮಾಸ್ತರ್ರ, ನಮ್ಮವ್ವ ಯಾವ ಶರಣರ ಬುತ್ತಿ ಹೊತ್ತಾಳ್ರಿ?"

ಅವನು ತುಕಾರಾಮನ ಕಡೆ ನೋಡಿದ. ತುಕಾರಾಮ ಲೇಖಣಿ ಕೆತ್ತಲು ಹತ್ತಿದ.

"ನೋಡು ಪುತಳಿ," ಅಂದ ಗುರುಲಿಂಗಪ್ಪ. "ಇದು ಕಚೇರಿಗಿ ಹೋಗಿ ಮಂಜೂರಿ ಆಗಿ ಬರೋ ಪುಸ್ತಕ. ಸಾಹೇಬ, ಪೆಟ್ಟಿಗಿ, ಬಿಟ್ಟಿ ಅಂತ ಒಂದು ಮಾತು ಕಂಡ್ರ ಸಾಕು, ಇಡೀ ಪುಸ್ತಕ ಸುಡ್ತಾರ. ನನ್ನೂ ಒಳಗ ಹಾಕ್ತಾರ. ನಿನಗ ಗೊತ್ತಿಲ್ಲ, ಕನ್ನಡದಾಗ ಒಂದು ಚೀಟಿ ಅಚ್ಚು ಹಾಕಲಿಕ್ಕೂ ಎಷ್ಟು ಕಾಲು ಹಿಡಿಬೇಕು."

"ಹಂಗಾದ್ರ ತಗದುಬಿಡ್ರಿ. ಬದಲಿ ಯಾಕ ಮಾಡಿದ್ರಿ?"

"ತಗಿಲಿಕ್ಕಿ ಬರಂಗಿಲ್ಲ. ಮಠದಾಗ ಹಿರಿಯರ ಮುಂದ ಅದನ್ನೇ ಓದೀನಿ. ಅವರ ಕಣ್ಣಾಗ ನೀರು ಬಂತು. 'ಬಸುರಿ ಹೆಣ್ಣಮಗಳು, ಏನು ಭಕ್ತಿ!' ಅಂದ್ರು. ಆಶೀರ್ವಾದ ಬರದು ಕೊಟ್ಟಾರ, ಅದರಾಗ ಆ ಪದದ ಮಾತೇ ಅದ."

ಪುತಳಾಬಾಯಿಗೆ ಆ ಹಿರಿಯರ ಕಣ್ಣೀರು ಕಣ್ಣ ಮುಂದೆ ಬಂತು. ಇಲ್ಲದ ಬುತ್ತಿಗೆ ಅತ್ತವರು. ಕೋಳಿಬುಟ್ಟಿ ಹಿಡಿದು ನಡೆದ ದಾರಿಯೂ ಕಣ್ಣ ಮುಂದೆ ಬಂತು. ದಾರಿಯುದ್ದ ತಾಯಿಯ ಕಾಲಿನಿಂದ ರಕ್ತ ಹನಿದಿತ್ತು. ಆಕೆ ಅದನ್ನು ತುಳಿಯದಂತೆ ಹೆಜ್ಜೆ ಇಟ್ಟಿದ್ದಳು.

"ಅದು ಭಕ್ತಿ ಅಲ್ರಿ. ಅದು ಹೇಲು ಉಚ್ಚಿ ರಕ್ತಾ."

"ಏ! ಬಾಯಿ ಬಿಗಿ ಹಿಡಿ."

ಗುರುಲಿಂಗಪ್ಪನೇ ದನಿ ತಗ್ಗಿಸಿದ. ಕೆಟ್ಟವನಲ್ಲ ಅವನು. ಆದರೆ ಅವನಿಗೆ ಪುಸ್ತಕ ಬೇಕಾಗಿತ್ತು.

"ಒಂದು ಮಾತು ಹೇಳ್ತೀನಿ. ಉಳಿದ ನಲವತ್ತು ಪದಕ್ಕ ನಿಮ್ಮವ್ವನ ಹೆಸರು ಹಾಕ್ತೀನಿ. ಕಮಲಾಪುರದ ಭೀಮಬಾಯಿ ಅಂತ. ನಮ್ಮವ್ವ ಸಿಟ್ಟಾಗಲಿ, ನಾ ನೋಡ್ಕೋತೀನಿ. ಆ ಒಂದು ಪದ ಇದ್ದಂಗ ಇರ್ತದ. ನಲವತ್ತರಾಗ ಹೆಸರು. ಒಂದು ಬಿಡು. ಆದಿತ್ಯವಾರ ಆ ಕಲ್ಲು ಯಂತ್ರ ಏರ್ತದ. ಅಷ್ಟರಾಗ ಹೇಳು."

ಅವನು ಹೋದ ಮೇಲೆ ನಬಿಸಾಬ್ ಬೀಡಿ ಹಚ್ಚಿ ಹತ್ತಿರ ಬಂದ.

"ತಗೋ ಬೇಟಿ. ನಲವತ್ತಕ್ಕ ಒಂದು. ಬಜಾರದಾಗೂ ಇಂಥ ಸೌದಾ ಸಿಗಂಗಿಲ್ಲ."

"ಒಂದು ಅಂದ್ರ ಅದು ಕೂಸು, ಚಾಚಾ."

ನಬಿಸಾಬನಿಗೆ ತಿಳಿಯಲಿಲ್ಲ. "ಜುಮ್ಮಾದ ಸೂಟಿ ಕಳಕೊಂಡು ಶನಿವಾರ ಬಾ," ಅಂದ. "ನಿಮ್ಮ ಮಂದೀನ್ನ ಕೇಳು."

ಗುರುವಾರ ಹೊತ್ತು ಮೂಡುವ ಮೊದಲೇ ಹೊರಟಳು. ಕಮಲಾಪುರದ ಕೆಂಪು ಬಾಳೆಹಣ್ಣು ಇಳಿಸಿ ಖಾಲಿ ಹೋಗುತ್ತಿದ್ದ ಬಂಡಿಯ ಹಿಂದೆ ನಡೆದಳು. ಊರು ದಾಟುವವರೆಗೆ ಬಂಡಿಯವನು ಹತ್ತಗೊಡಲಿಲ್ಲ. ಆಮೇಲೆ ಹಿಂದಿನ ಹಲಗೆಯ ಮೇಲೆ ಕೂಡು ಅಂದ.

ಶುಕ್ರವಾರ ಮುಂಜಾನೆ ಚಿಗವ್ವ ಕಸ್ತೂರಿಬಾಯಿ ಸಿಕ್ಕಿದ್ದು ಗೌಡರ ಬಾಳೆತೋಟದಲ್ಲಿ. ತಾಯಿಯ ತಂಗಿ. ಅರವತ್ತರ ಹತ್ತಿರ. ಅಂದು ಬಿಟ್ಟಿಗೆ ಹೋದ ಹನ್ನೊಂದು ಜನರಲ್ಲಿ, ಪುತಳಾಬಾಯಿಯನ್ನು ಬಿಟ್ಟರೆ, ಈಗ ಉಳಿದವಳು ಅವಳೊಬ್ಬಳೇ. ಗೊನೆ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆ ವಾಲಿ ಹಾಗೇ ನಿಂತಿತ್ತು. ಮಾತಾಡಬೇಕಾದರೆ ಮೈ ಎಲ್ಲ ತಿರುಗಿಸುತ್ತಿದ್ದಳು.

ಪುತಳಾಬಾಯಿ ಅರ್ಧ ಗೊನೆಗಳನ್ನು ತಾನು ಹೊತ್ತಳು. ಹೊರುತ್ತಲೇ ಹೇಳಿದಳು. ಪುಸ್ತಕ, ಭಕ್ತಿ, ಬುತ್ತಿ, ನಲವತ್ತು ಪದಕ್ಕೆ ಹೆಸರು. ಕಸ್ತೂರಿಬಾಯಿ ಬುತ್ತಿಯ ಮಾತಿಗೆ ನಕ್ಕುಬಿಟ್ಟಳು.

"ಬುತ್ತಿ! ಮೂರು ದಿನ ನಮಗ ಕೂಳು ಸಿಕ್ಕಿದ್ದಿಲ್ಲ. ನಿನ್ನ ಬುಟ್ಟ್ಯಾಗಿನ ಕೋಳಿ ಕಾಳು ತಿಂತಿದ್ದವು."

ಗೊನೆ ಇಳಿಸಿದಳು. ಬದುವಿನ ಮೇಲೆ ಕೂತಳು.

"ನಿನಗ ಒಂದು ಮಾತು ಹೇಳಿಲ್ಲ. ಕೂಸು ಸತ್ತು ಹುಟ್ಟಿಲ್ಲ."

ಪುತಳಾಬಾಯಿ ತಲೆಯ ಮೇಲಿನ ಗೊನೆಯೊಂದಿಗೆ ನಿಂತಳು.

"ಹೆಣ್ಣು. ನಿನ್ನ ಕೋಳಿಬುಟ್ಟಿ ಸಂಗಟ ಮುಂದ ಕಳಿಸಿದ್ವಿ, ನಿನಗ ಕೇಳಿಲ್ಲ. ಒಮ್ಮಿ ಅತ್ತದ. ನನ್ನ ಉಡ್ಯಾಗ ಇತ್ತು. ಪೆಟ್ಟಿಗ್ಯಾಗ ಸಾಹೇಬನ ಚಾ ಸಾಮಾನು ಇತ್ತು ನೋಡು. ದಫೇದಾರ ಬಂದು ನಿಮ್ಮವ್ವನ ತಲಿಮ್ಯಾಲ ಮತ್ತ ಪೆಟ್ಟಿಗಿ ಇಡಿಸಿದ. 'ಮಾರಿ ತೋರಿಸು' ಅಂದ್ಳು ಆಕಿ. ಹೊತ್ತ ತಲಿ ಬಗ್ಗಿಸ್ಲಿಕ್ಕಿ ಬರಂಗಿಲ್ಲ. ನಾ ಎತ್ತಿ ಹಿಡಿಯೋದರಾಗ ಆಕಿನ್ನ ನೂಕ್ಕೊಂಡು ಹೋದ್ರು. ಉಸಿರು ನಿಂತ ಮ್ಯಾಲ ನಾನೇ ಕೈಲೆ ಮಣ್ಣು ಕೆದರಿ ಇಟ್ಟೆ. ಈಚಲ ಬುಡಕ ಅಂತ ಆಕಿಗಿ ಹೇಳ್ದೆ. ಅಷ್ಟೇ ಆಕಿಗಿ ಗೊತ್ತು. ಅಷ್ಟನ್ನೇ ಪದದಾಗ ಇಟ್ಳು."

"ಈಗ ಆ ಗಿಡ?"

"ರಸ್ತೆ ಅಗಲ ಮಾಡಿದಾಗ ಕಡದ್ರು. ಏನೂ ಇಲ್ಲ ಅಲ್ಲಿ."

ತೋಟದ ಕಾವಲುಗಾರ ಕೂಗಿದ. ಕಸ್ತೂರಿಬಾಯಿ ಎದ್ದಳು. ಗೊನೆ ಎತ್ತಿಕೊಳ್ಳಲು ಕೈ ಕೊಟ್ಟಾಗ ಪುತಳಾಬಾಯಿ ಕೇಳಿದಳು.

"ಏನು ಮಾಡಲಿ ಚಿಗವ್ವ?"

"ನಾ ಏನು ಹೇಳಲಿ? ನಿನ್ನ ಕೂಳು, ನಿನ್ನ ಕೆಲಸ. ಹೆಸರು ಹಾಕ್ಸು ಅಂದ್ರ ಹಾಕ್ಸು, ನಿಮ್ಮವ್ವಗ ಒಳ್ಳೇದೇ." ಎರಡು ಹೆಜ್ಜೆ ಹೋಗಿ ಮೈ ತಿರುಗಿಸಿ ನಿಂತಳು. "ಆದ್ರ ಬುತ್ತಿ ಅಂತ ಅಚ್ಚಾದ್ರ ನಾಳೆ ನಮ್ಮ ಕೇರಿ ಹುಡುಗರೂ ಅದನ್ನೇ ಓದ್ತಾವ. ನಾ ಖರೇ ಹೇಳಿದ್ರ ಮುದುಕಿಗಿ ಅರಳು ಮರಳು ಅಂತಾವ."

ಶನಿವಾರ ಸಂಜೆಗೆ ಪುತಳಾಬಾಯಿ ಕಲಬುರ್ಗಿಗೆ ಮುಟ್ಟಿದಳು. ಆದಿತ್ಯವಾರ ಎಲ್ಲರಿಗಿಂತ ಮೊದಲು ಛಾಪಖಾನೆಗೆ ಬಂದಳು. ಭಕ್ತಿ ವಿಭಾಗದ ಕಲ್ಲು ಅಂಗಳದ ಗೋಡೆಗೆ ಒರಗಿತ್ತು, ಅಂಟು ಬಳಿದುಕೊಂಡು, ಯಂತ್ರ ಏರಲು ತಯಾರಾಗಿ. ಆಕೆಗೆ ಅಕ್ಷರ ಬಾರದು. ಆದರೆ ಅಲ್ಲಿನ ಒಂಬತ್ತು ಕಲ್ಲನ್ನೂ ಕೈ ಬಲ್ಲದು. ಅದು ಮೂಲೆ ಒಡೆದ ಕಲ್ಲು.

ಗುರುಲಿಂಗಪ್ಪ ಮಡಿಸಿದ ಹಳದಿ ಕಾಗದ ಹಿಡಿದು ಬಂದ. ಹಿಂದೆ ತುಕಾರಾಮ. ನಬಿಸಾಬ್ ಒಳಗೆ ಉರುಳೆಗೆ ಶಾಯಿ ಬಡಿಯುತ್ತಿದ್ದ.

"ನೋಡು. ನಾ ಮಾತಿಗಿ ತಪ್ಪಂಗಿಲ್ಲ. ಬರೆಸೀನಿ. ಕಲ್ಲಿನ ಮ್ಯಾಲಿನ ಹೆಸರು ಕೆರೆದು ಇದನ್ನ ಒತ್ತಿಸ್ತೀನಿ."

ಕಾಗದವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಪುತಳಾಬಾಯಿ ಕೈ ಒರೆಸಿಕೊಂಡು ಬಗ್ಗಿದಳು.

"ಇದರಾಗ ನಮ್ಮವ್ವ ಎಲ್ಲಿ ಇದ್ದಾಳ?"

ತುಕಾರಾಮ ಬೆರಳಿಟ್ಟ. "ಇಗಾ. ಕಮಲಾಪುರದ. ಇದು ಭೀ. ಇದು ಮ. ಇದು ಬಾ. ಇದು ಯಿ."

ಆಕೆ ಬಹಳ ಹೊತ್ತು ನೋಡಿದಳು. ನಾಲ್ಕು ಅಕ್ಷರ. ಬದುಕಿದ್ದಾಗ ಊರಿನವರ ಬಾಯಲ್ಲಿ ತಾಯಿಗೆ ಏ, ಎಲೇ ಬಿಟ್ಟರೆ ಹೆಸರಿರಲಿಲ್ಲ. ಗೌಡರ ಮನೆಯ ನಾಯಿಗೆ ಇತ್ತು.

"ಛಂದ ಅದ," ಅಂದಳು. "ಏಳನೇದು?"

"ಅದು ಹಂಗೇ."

"ಅದನ್ನಷ್ಟು ತಗೀರಿ ಮಾಸ್ತರ್ರ. ಕಾಲು ಬೀಳ್ತೀನಿ. ಖರೇ ಹಾಕ್ರಿ ಅನ್ನಂಗಿಲ್ಲ. ಸುಳ್ಳು ಹಾಕಬ್ಯಾಡ್ರಿ ಅಷ್ಟೇ. ಉಳಿದ ನಲವತ್ತಕ್ಕ ಹೆಸರೂ ಬ್ಯಾಡ. ನಿ‍ಮ್ಮವ್ವಾರದೇ ಇರಲಿ."

"ಹುಚ್ಚಿ ಇದ್ದೀ ಏನು? ಆಶೀರ್ವಾದ ಅಚ್ಚಾಗಿ ಕುಂತದ! ಒಂದು ಬಿಟ್ಟಿ ಹೊರೆ ಸಲುವಾಗಿ ಇನ್ನೂರು ಪದ ಮುಳಗಸ್ಲೇನು? ನಬಿಸಾಬ್, ಕಲ್ಲು ಏರಸ್ರಿ."

ನಬಿಸಾಬ್ ಹೊರಗೆ ಬರುವುದರೊಳಗೆ ಪುತಳಾಬಾಯಿ ಕಲ್ಲನ್ನು ಅಂಗಳಕ್ಕೆ ಮಗುಚಿದ್ದಳು. ಬರಹ ಮೇಲೆ. ಒಂದು ಬೊಗಸೆ ಮರಳು ಹಾಕಿದಳು. ತಂಬಿಗೆ ನೀರು ಸುರಿದಳು. ಇನ್ನೊಂದು ಕಲ್ಲನ್ನು ತೊಡೆಯ ಆಸರೆಯಿಂದ ಎತ್ತಿ ಅದರ ಮೇಲೆ ಇಳಿಸಿದಳು. ಸೀರೆ ಮೊಳಕಾಲಿಗೆ ಕಟ್ಟಿ ಕೂತು ತಿರುಗಿಸಲು ಹತ್ತಿದಳು.

"ಏ! ಏ! ಬಿಡು! ಹಿಡೀರಿ ಆಕಿನ್ನ!"

ಗುರುಲಿಂಗಪ್ಪ ಓಡಿ ಬಂದ. ಒಂದು ಮೊಳ ದೂರಕ್ಕೆ ಬಂದು ನಿಂತ. ಕೈ ಚಾಚಿದ. ಹಿಂದೆ ತೆಗೆದುಕೊಂಡ. ಆಕೆಯನ್ನು ನಿಲ್ಲಿಸಬೇಕಾದರೆ ಆಕೆಯನ್ನು ಮುಟ್ಟಬೇಕು. ಅವನ ಕೊರಳಲ್ಲಿ ಲಿಂಗ ಇತ್ತು.

"ನಬಿಸಾಬ್, ನೀವರೆ ಹಿಡೀರಿ!"

"ಪರಾಯಿ ಹೆಣ್ಣಮಗಳು ರೀ ಮಾಸ್ತರ್. ನಾ ಹ್ಯಾಂಗ ಕೈ ಹಿಡಿಲಿ?" ನಬಿಸಾಬ್ ಉರುಳೆ ಹಿಡಿದೇ ನಿಂತ.

"ತುಕಾರಾಮ!"

ತುಕಾರಾಮ ತನ್ನ ಬರಹ ಅಳಿಯುವುದನ್ನು ನೋಡುತ್ತಿದ್ದ. ದಿನಗಟ್ಟಲೆ ಕೂತು ಬರೆದದ್ದು. ಅವನ ಬಾಯಿ ತೆರೆದಿತ್ತು. ಕಾಲು ಏಳಲಿಲ್ಲ.

ಮೂವರು ಗಂಡಸರು. ನಡುವೆ ಕಲ್ಲು ತಿರುಗುತ್ತಿತ್ತು. ಕರಿ ನೀರು ಅಂಚಿನಿಂದ ಇಳಿದು ಮೋರಿಯ ಕಡೆ ಹರಿಯಿತು. ಮೊದಲ ಬಾರಿಗೆ ಈ ಮುಟ್ಟುವುದು-ಮುಟ್ಟದಿರುವುದು ಆಕೆಯ ಕಡೆ ನಿಂತಿತ್ತು. ಆಕೆ ತಲೆ ಎತ್ತಿ ನೋಡಿದಳು. ಅದು ಗೊತ್ತಾಯಿತು. ಇನ್ನೂ ಜೋರು ತಿರುಗಿಸಿದಳು.

"ಮತ್ತ ಬರೆಸ್ತೀನಿ! ನನ್ನ ವಹಿಯಾಗ ಎಲ್ಲಾ ಅದ! ಸೋಲಾಪುರದಾಗ ಅಚ್ಚು ಹಾಕಸ್ತೀನಿ!"

"ಹಾಕಸ್ರಿ. ಪುಸ್ತಕ ಬಂದ ದಿನ ತಾಲೂಕ ಕಚೇರಿ ಮುಂದ ಕಲ್ಲಿಟಗೊಂಡು ಕುಂದ್ರತೀನಿ. ಖರೇ ಪದಾ ಹಾಡ್ತೀನಿ. ಯಾವ ಸಾಹೇಬ, ಯಾವ ಪೆಟ್ಟಿಗಿ, ಯಾವ ಹಳ್ಳ, ಎಲ್ಲಾ. ಇದನ್ನ ಯಾರು ಬರಕೊಂಡು ಮುಚ್ಚಿಟ್ರು ಅಂತಾನೂ ಹಾಡ್ತೀನಿ."

ಕಚೇರಿಯ ಮಾತು ಬಂದದ್ದೇ ಗುರುಲಿಂಗಪ್ಪನ ಮುಖದ ರಕ್ತ ಇಳಿಯಿತು. ಕಲ್ಲು ಎತ್ತಲು ಬಳಸುವ ಬಡಿಗೆ ಗೋಡೆಗೆ ಒರಗಿತ್ತು. ಬಡಿಗೆಗೆ ಮೈಲಿಗೆ ಇಲ್ಲ. ಅವನು ಅದನ್ನು ತೆಗೆದುಕೊಂಡು ಆಕೆಯ ಕೈಯ ಮೇಲೆ ಹೊಡೆದ. ಒಂದು ಸಲ. ಎರಡನೆಯ ಸಲ. ಬಲಗೈ ಬಡಿಗೆಗೂ ಕಲ್ಲಿನ ಅಂಚಿಗೂ ನಡುವೆ ಸಿಕ್ಕಿತು. ಹಸಿ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು.

ಮೂರನೆಯ ಏಟಿಗೆ ನಬಿಸಾಬ್ ಬಡಿಗೆ ಹಿಡಿದುಕೊಂಡ. "ಬಸ್, ಮಾಸ್ತರ್. ಇದನ್ನ ಮುಟ್ಟಲಿಕ್ಕಿ ನನಗ ಅಡ್ಡಿ ಇಲ್ಲ."

ಪುತಳಾಬಾಯಿ ಕೂಗಲಿಲ್ಲ. ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಿಂದ, ಮೊಳಕೈಯಿಂದ, ಮೈಭಾರ ಹಾಕಿ ಕಲ್ಲು ತಿರುಗಿಸಿದಳು. ಬಹಳ ಹೊತ್ತು ಹಿಡಿಯಿತು. ಕಡೆಗೆ ಮೇಲಿನ ಕಲ್ಲು ಸರಿಸಿ, ನೀರು ಹುಯ್ದು, ಎಡ ಅಂಗೈಯಿಂದ ಒರೆಸಿದಳು. ಕಲ್ಲು ಬೆಳ್ಳಗಿತ್ತು. ಒಂದು ಅಕ್ಷರವೂ ಉಳಿದಿರಲಿಲ್ಲ.

"ತುಕಾರಾಮಣ್ಣ," ಅಂದಳು, "ನಿನ್ನ ಬರಹ ಛಂದಿತ್ತು. ಸಿಟ್ಟಾಗಬ್ಯಾಡ."

ಹೊರಗೆ ನಡೆದಳು. ಕಟ್ಟೆಯ ಮೇಲಿದ್ದ ಹಳದಿ ಕಾಗದವನ್ನು ಮುಟ್ಟಲಿಲ್ಲ.

ಅದೇ ದಿನ ಮಾಲೀಕ ಆಕೆಯನ್ನು ಕೆಲಸದಿಂದ ತೆಗೆದ. ಗುರುಲಿಂಗಪ್ಪ ಆ ವಾರವೇ ವಹಿ ತೆರೆದು ಆಕೆ ಹೇಳಿದ ಹಾಳೆಗಳನ್ನೆಲ್ಲ ಕಿತ್ತ. ಕಚೇರಿಯ ಮುಂದೆ ಹೊಲತಿಯೊಬ್ಬಳು ಕೂತು ಹಾಡುವ ಚಿತ್ರ ಅವನಿಗೆ ನಿದ್ದೆ ಕೊಡಲಿಲ್ಲ. ಆಕೆ ತೆಗೆ ಅಂದದ್ದು ಒಂದನ್ನು. ಅವನು ತೆಗೆದದ್ದು ನಲವತ್ತೊಂದನ್ನು. ಆಶೀರ್ವಾದವನ್ನೂ ಬೇರೆ ಬರೆಸಿಕೊಂಡು ಬಂದ. ಅಂದರೆ ಅದು ಆಗದ ಕೆಲಸವೇನೂ ಆಗಿರಲಿಲ್ಲ. ಕಿತ್ತ ಹಾಳೆಗಳನ್ನು ಶಾರದಾಬಾಯಿ ಬಚ್ಚಲ ಒಲೆಗೆ ಹಾಕಿದಳು.

ಪುಸ್ತಕ ಮುಂದಿನ ಶ್ರಾವಣಕ್ಕೆ ಬಂತು. ಭಕ್ತಿ ಇತ್ತು, ತವರು ಇತ್ತು, ತೊಟ್ಟಿಲು ಇತ್ತು, ಮಳೆ-ಬೆಳೆ ಇತ್ತು, ಚ್ಯಾಷ್ಟಿ ಇತ್ತು. ಕನ್ನಡಕ್ಕೆ ದೊಡ್ಡ ಸೇವೆ ಅಂದರು. ಹೊಲೇರ ಕೇರಿಯ ಪದ ಒಂದೂ ಇರಲಿಲ್ಲ.

ಪುತಳಾಬಾಯಿ ಕಮಲಾಪುರಕ್ಕೆ ಹೋಗಿ ಚಿಗವ್ವನ ಗುಡಿಸಲು ಸೇರಿದಳು. ಬಲಗೈಯ ಎರಡು ಬೆರಳು ಮಡಚಿದವು ಮಡಚಿಯೇ ಉಳಿದವು. ಚಿಗವ್ವನ ಕಲ್ಲಿನ ಗೂಟವನ್ನು ಎಡಗೈಯಲ್ಲಿ ಹಿಡಿಯುವುದು ರೂಢಿಯಾಗಲು ಮೂರು ವರ್ಷ ಹಿಡಿಯಿತು. ಅಷ್ಟು ದಿನ ಕಸ್ತೂರಿಬಾಯಿಯೇ ಬೀಸಿದಳು. ಮೂರು ವರ್ಷದ ಮೇಲೆ ಪುತಳಾಬಾಯಿ ಜೋಳ ಹಾಕಿ, ತಾಯಿಯ ಹೆಸರು ಹೇಳಿ, ಪದ ಎತ್ತಿದಳು. ಆ ನಲವತ್ತೊಂದರಲ್ಲಿ ಒಂದೊಂದು ಮುಗಿದಂತೆ ಕಸ್ತೂರಿಬಾಯಿ ಒಂದೊಂದು ಹರಳು ಪಕ್ಕಕ್ಕಿಟ್ಟಳು. ಹದಿನೈದು ದಿನ ನಡೆಯಿತು. ಇಪ್ಪತ್ತೊಂಬತ್ತು ಹರಳಾದವು. ಆಮೇಲೆ ಕಲ್ಲು ತಿರುಗಿತು, ಪದ ಬರಲಿಲ್ಲ.

ಹೋದದ್ದು ಹನ್ನೆರಡು ಪದ, ಎರಡು ಬೆರಳು, ಒಂದು ಕೆಲಸ.